ಹಾವಳಿ ಫೈಲಿಗೆ ಸೇರಿದ ಕರಡಿ

ಹಳೇಬೀಡಿನ ದೇವಸ್ಥಾನದ ಗೇಟಿನ ಎದುರು ಒಬ್ಬಾಕೆ ಗೋಣಿತಾಟು ಹಾಸಿಕೊಂಡು ಸೀತಾಫಲ ಮಾರುತ್ತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಒಂದಷ್ಟು ಹಣ್ಣು ತಾವಾಗಿಯೇ ಬಾಯಿಬಿಟ್ಟಿದ್ದವು. ನಾನು ತರಬೇತಿಯ ಹುಡುಗ ಹುಡುಗಿಯರನ್ನು ಬೇಲೂರು ಕಡೆ ಆನೆ ಓಡಾಡುವ ದಾರಿ ತೋರಿಸಲು ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ದೇವಸ್ಥಾನ ನೋಡಲೇಬೇಕು ಎಂದು ಅವರು ಹಟ ಹಿಡಿದರು. ಗೋಡೆಯ ಬುಡದ ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು ಎಲ್ಲ ನೋಡಿಯಾದ ಮೇಲೆ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಆಗ ಆ ವಾಸನೆ ಬಂತು. ಹಣ್ಣಾಗಿ ಹುಳಿತ ಸೀತಾಫಲದ ವಾಸನೆ. ಅದೇ ಹೊತ್ತಿಗೆ ಹಿಂದಿನಿಂದ ಒಬ್ಬಳು ಹುಡುಗಿ ಕೇಳಿದಳು.

"ಮೇಡಂ, ನೀವು ಈ ಫೀಲ್ಡಿಗೆ ಹೇಗೆ ಬಂದ್ರಿ?"

ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನನ್ನ ಹತ್ತಿರ ಒಂದು ಉತ್ತರ ಯಾವಾಗಲೂ ಸಿದ್ಧ ಇರುತ್ತದೆ. ಚಿಕ್ಕಂದಿನಿಂದಲೂ ಪ್ರಾಣಿ ಪಕ್ಷಿ ಎಂದರೆ ಪ್ರೀತಿ, ಅದೇ ಇಲ್ಲಿಗೆ ಕರೆದುಕೊಂಡು ಬಂತು ಎಂದು. ಆವತ್ತೂ ಅದನ್ನೇ ಒಪ್ಪಿಸಿದೆ. ಹುಡುಗಿ ಕಣ್ಣರಳಿಸಿ ತಲೆದೂಗಿದಳು. ವ್ಯಾನು ಹತ್ತಿ ಕೂತ ಮೇಲೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದ ಮೇಲಾಯಿತು, ಇನ್ನೂ ಎಷ್ಟು ಜನಕ್ಕೆ ಈ ಬೂಸಿ ಬಿಡುತ್ತೀಯೆ ಗಿರಿಜ, ಎಂದು ನನಗೆ ನಾನೇ ಬೈದುಕೊಂಡೆ.

ಪ್ರೀತಿಯಂತೆ ಪ್ರೀತಿ! ಚಿಕ್ಕಂದಿನಲ್ಲಿ ಹಲ್ಲಿ ಕಂಡರೆ ಮನೆ ಹಾರಿಹೋಗುವ ಹಾಗೆ ಚೀರುತ್ತಿದ್ದವಳು ನಾನು. ಈ ಕಡೆಗೆ ಬಂದದ್ದು ಸಿಟ್ಟಿನಿಂದ. ಡಿಗ್ರಿ ಓದುವಾಗ ಒಂದು ದಿನ ರಸ್ತೆ ಬದಿಯಲ್ಲಿ, ಸತ್ತ ಚಿರತೆಯ ಹೊಟ್ಟೆಯ ಮೇಲೆ ಚಪ್ಪಲಿ ಕಾಲಿಟ್ಟು ನಾಲ್ಕು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಅದನ್ನು ಕೇಳುವವರು ಯಾರೂ ಇಲ್ಲವಾ, ಕೇಳುವ ಕೆಲಸ ಎಂಬುದು ಒಂದು ಇದೆಯಾ ಎಂದು ಹುಡುಕಿಕೊಂಡು ಹೋದೆ. ವನ್ಯಜೀವಿ ನಿರ್ವಹಣೆ ಎಂದು ಎರಡು ವರ್ಷದ ಕೋರ್ಸು ಉತ್ತರದಲ್ಲೆಲ್ಲೋ ಇದೆ, ಸೀಟು ಕೈಬೆರಳೆಣಿಕೆಯಷ್ಟು, ಅರ್ಜಿ ಹಾಕಬೇಕಾದರೆ ಒಂದು ವರ್ಷ ಫೀಲ್ಡಿನಲ್ಲಿ ಕೆಲಸ ಮಾಡಿದ ಸರ್ಟಿಫಿಕೇಟು ಬೇಕು ಎಂದು ಗೊತ್ತಾಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮೂರು ಅರಸೀಕೆರೆಯಲ್ಲೇ, ಕೊಬ್ಬರಿ ಮಂಡಿಗಳ ಹಿಂದಿನ ಒಂದು ಬಾಡಿಗೆ ಕಟ್ಟಡದಲ್ಲಿ ಪ್ರಾಣಿಗಳ ಸರ್ವೆಗೆಂದು ಒಂದು ತಾತ್ಕಾಲಿಕ ಕಚೇರಿ ತೆರೆದರು. ಅದರ ಹೆಸರು ಬರೆಯುವುದಿಲ್ಲ. ಮೂರ್ನಾಲ್ಕು ವರ್ಷ ಇತ್ತು, ಆಮೇಲೆ ಮುಚ್ಚಿತು. ಅಲ್ಲಿ ನನಗೆ ಸಹಾಯಕಿಯ ಕೆಲಸ ಸಿಕ್ಕಿತು.

ಅಪ್ಪ ಕೊಬ್ಬರಿ ವ್ಯಾಪಾರದವರು. "ಊರಲ್ಲಿರೋ ಹೆಣ್ಮಕ್ಳೆಲ್ಲ ಟೀಚರ್ ಆಗ್ತಾರೆ, ಬ್ಯಾಂಕಿಗೆ ಹೋಗ್ತಾರೆ. ನೀನು ಕರಡಿ ಹಿಂದೆ ಹೋಗ್ತೀನಿ ಅಂತೀಯಲ್ಲೇ," ಎಂದು ತಲೆ ಚಚ್ಚಿಕೊಂಡರು. ಆದರೂ ಒಂದು ವರ್ಷ ತಾನೆ ಎಂದು ಒಪ್ಪಿದರು. ಒಂದೇ ವರ್ಷ, ಸರ್ಟಿಫಿಕೇಟು ಸಿಕ್ಕಿ ಸೀಟು ಬಂದರೆ ಸರಿ, ಇಲ್ಲದಿದ್ದರೆ ಅವರು ತೋರಿಸಿದ ಗಂಡಿಗೆ ಕೊರಳು ಕೊಡಬೇಕು ಎಂದು ಕರಾರಾಯಿತು. ನಾನೂ ಹೂಂ ಎಂದೆ.

ನಮ್ಮ ಸಾಹೇಬರು ಕೆಟ್ಟವರು ಎಂದು ಹೇಳಿಬಿಟ್ಟರೆ ಕತೆ ಸುಲಭ. ಅವರು ಕೆಟ್ಟವರಲ್ಲ. ನಗುನಗುತ್ತ ಮಾತಾಡುವ, ಬಂದವರಿಗೆಲ್ಲ ಕಾಫಿ ತರಿಸುವ, ಯಾರಿಗೂ ಇಲ್ಲ ಎನ್ನದ ಮನುಷ್ಯ. ಅದೇ ರೋಗ. ಅವರ ಪ್ರಕಾರ ಕಾಡು ಎಂದರೆ ಸಕಲೇಶಪುರದ ಕಡೆ, ಪ್ರಾಣಿ ಎಂದರೆ ಆನೆ. ಅರಸೀಕೆರೆ ಸುತ್ತಿನ ಬಂಡೆಗುಡ್ಡ, ಕಾರೆಮುಳ್ಳು, ಕಕ್ಕೆಗಿಡ, ಸೀತಾಫಲದ ಪೊದೆ ಇವೆಲ್ಲ ಅವರ ಕಣ್ಣಿಗೆ ಖಾಲಿ ಜಾಗ. "ಇಲ್ಲೇನಮ್ಮ ಇದೆ, ಬರೀ ಕಲ್ಲು," ಎನ್ನುತ್ತಿದ್ದರು. ಕಚೇರಿಗೆ ಇದ್ದದ್ದು ಒಂದೇ ಜೀಪು. ಮೇಲಿನವರು ಸಂಸಾರ ಸಮೇತ ಬಂದರೆ ಅದು ಬೇಲೂರು ಹಳೇಬೀಡು ಸುತ್ತಿಸಲು ಹೋಗುತ್ತಿತ್ತು. ತಿಂಗಳಲ್ಲಿ ಅರ್ಧದಷ್ಟು ದಿನ ಯಾರಾದರೂ ಬರುತ್ತಲೇ ಇದ್ದರು. ನಾನು ಬಸ್ಸಿನಲ್ಲಿ ಗಂಡಸಿ ಹ್ಯಾಂಡ್‌ಪೋಸ್ಟಿಗೆ ಹೋಗಿ, ಅಲ್ಲಿಂದ ಯಾರಾದರೂ ಲೂನಾದವರು ಸಿಕ್ಕರೆ ಅವರ ಹಿಂದೆ ಕೂತು, ಸಿಗದಿದ್ದರೆ ನಡೆದುಕೊಂಡು ಹೊಸಹಟ್ಟಿ ಸೇರುತ್ತಿದ್ದೆ.

ಹೊಸಹಟ್ಟಿ ನಲವತ್ತು ಮನೆಯ ಊರು. ತಲೆಯ ಮೇಲೆ ಕೆಂಚನ ಗುಡ್ಡ. ಆ ವರ್ಷ ಆಷಾಢದಲ್ಲಿ ನಾನು ಮೊದಲ ಸಲ ಹೋದಾಗ ಗುಡ್ಡದ ಬಂಡೆಗಳ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಕಲ್ಲು ಕ್ವಾರಿಗೆ ಒಬ್ಬ ಗುತ್ತಿಗೆದಾರ ಅರ್ಜಿ ಹಾಕಿದ್ದ. ಅರ್ಜಿ ಹೋಗಬೇಕಾದ ದಾರಿಯಲ್ಲಿ ನಮ್ಮ ಸರ್ವೆಯ ನಮೂನೆಯೂ ಒಂದು ಮೆಟ್ಟಿಲು. ಅದರಲ್ಲಿ ಪ್ರಾಣಿಯ ಹೆಸರು, ಎದುರಿಗೆ 'ಇದೆ', 'ಇಲ್ಲ' ಎಂದು ಎರಡು ಮನೆ. ಕರಡಿಯ ಎದುರು 'ಇದೆ' ಎಂದಾದರೆ ಕ್ವಾರಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 'ಇಲ್ಲ' ಎಂದರೆ ಮುಂದಕ್ಕೆ. ಇಡೀ ಗುಡ್ಡದ ಹಣೆಬರಹ ಆ ಒಂದು ಟಿಕ್ಕಿನಲ್ಲಿತ್ತು.

ನಾನು ಮನೆಮನೆಗೆ ಹೋಗಿ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ.

"ಕರಡಿನಾ? ಇಲ್ಲ ಕಣ್ರವ್ವ. ಮೊಲ ಐತೆ, ನವಿಲೈತೆ. ಕರಡಿ ನಮ್ ತಾತನ ಕಾಲಕ್ಕೇ ಹೋಯ್ತು."

ಗುಡ್ಡ ಹತ್ತಿದರೆ ಹೆಜ್ಜೆಹೆಜ್ಜೆಗೆ ಹುತ್ತ ಬಗೆದಿತ್ತು. ಬಂಡೆಯ ಸಂದಿಯಲ್ಲಿ ಹಿಕ್ಕೆ ಬಿದ್ದಿತ್ತು, ಕೈಯಗಲ. ನನಗೆ ರೇಗಿತು. ಕಣ್ಣೆದುರೇ ಇದೆ, ಇಷ್ಟು ಜನ ನಿಂತು ಸುಳ್ಳು ಹೇಳುತ್ತಾರಲ್ಲ ಎಂದು ಒಬ್ಬೊಬ್ಬರ ಮೇಲೂ ಕೋಪ ಬಂತು. ಹಿಕ್ಕೆಯನ್ನು ಪೊಟ್ಟಣ ಕಟ್ಟಿ ಮನೆಗೆ ತಂದು, ಒಣಗಲೆಂದು ನಮ್ಮ ಕೊಬ್ಬರಿ ಅಟ್ಟದ ಮೂಲೆಯಲ್ಲಿ ಪೇಪರು ಹಾಸಿ ಹರವಿದೆ. ವರ್ಷವಿಡೀ ತೆಂಗಿನಕಾಯಿ ಕೂಡಿಟ್ಟು ಒಣಗಿಸುವ ಅಟ್ಟ ಅದು, ನಮ್ಮ ಮನೆಯ ದೇವರಕೋಣೆಗಿಂತ ಒಂದು ಮೆಟ್ಟಿಲು ಮೇಲೆ. ಮೂರನೆಯ ದಿನ ಅಪ್ಪ ಏಣಿ ಹತ್ತಿದರು.

"ಏನೇ ಇದು ವಾಸ್ನೆ? ಏನೇ ಹರವಿದ್ದೀಯ?"

"ಕರಡಿದು ಅಪ್ಪ. ಬೀಜ ಎಣಿಸ್ಬೇಕು."

"ಅಯ್ಯೋ ನಿನ್ ಮನೆ ಕಾಯ್ವಾಗ! ಮಠಕ್ಕೆ ಹೋಗೋ ಕೊಬ್ಬರಿ ಕಣೇ ಇದು! ಇದರ ಪಕ್ಕ ಕರಡಿ ಹೇಲು ಒಣಗಿಸ್ತೀಯಾ?"

ಅಮ್ಮ ಆವತ್ತು ನನ್ನನ್ನು ಸ್ನಾನ ಮಾಡಿಸದೆ ಅಡುಗೆಮನೆಗೆ ಬಿಡಲಿಲ್ಲ. ಅಟ್ಟವನ್ನು ಗಂಜಲ ಹಾಕಿ ತೊಳೆದರು. ಪೊಟ್ಟಣಗಳನ್ನು ನಾನು ಕಚೇರಿಗೆ ಹೊತ್ತುಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಮೂಗು ಮುಚ್ಚಿಕೊಂಡೇ ನಕ್ಕರು.

"ಸರ್, ಕೆಂಚನ ಗುಡ್ಡದಲ್ಲಿ ಕರಡಿ ಇದೆ. ಇದು ಸಾಕ್ಷಿ."

"ಹಿಕ್ಕೆಗೆ ಹೆಬ್ಬೆಟ್ಟು ಇರುತ್ತೇನಮ್ಮ? ನಾಳೆ ಗುತ್ತಿಗೆದಾರ ಬಂದು, ಬೇರೆ ಕಡೆಯಿಂದ ತಂದಿಟ್ಟಿದ್ದೀರಿ ಅಂದ್ರೆ? ಊರಿನವರು ಬರೆದುಕೊಡಲಿ. ಸಹಿ ಹಾಕಲಿ. 'ಇದೆ' ಅಂತ ನಾನೇ ಟಿಕ್ ಹಾಕ್ತೀನಿ."

ಅವರು ಹೇಳಿದ್ದು ನನಗೆ ನ್ಯಾಯವಾಗಿಯೇ ಕಂಡಿತು. ಊರಿನವರು ಇದೆ ಎಂದು ಬರೆದುಕೊಟ್ಟರೆ ಆಯಿತು, ಗುಡ್ಡ ಉಳಿಯಿತು. ಅಷ್ಟು ತಿಳಿದವಳು ನಾನು.

ಶ್ರಾವಣ ಕಳೆದು ಭಾದ್ರಪದ ಬರುವ ಹೊತ್ತಿಗೆ ಸೀತಾಫಲ ಶುರುವಾಯಿತು. ಆ ವರ್ಷ ಮಳೆ ಹಿಡಿದು ಬಿಟ್ಟು ಸುರಿದು ಕಾಯಿ ತುಂಬ ಬಿಟ್ಟಿತ್ತು. ಹೊಸಹಟ್ಟಿಯ ಹೆಂಗಸರೆಲ್ಲ ಬೆಳಗಾಗುತ್ತಲೇ ಮಂಕರಿ ಹೊತ್ತು ಗುಡ್ಡಕ್ಕೆ. ನಾನೂ ಅವರ ಜೊತೆ ಹೋಗತೊಡಗಿದೆ. ಅವರ ಮುಂದಾಳು ರಂಗಮ್ಮ, ನನ್ನ ಅಮ್ಮನ ವಾರಿಗೆಯವಳು. ಗಂಡ ಇಲ್ಲ, ಆರು ಮೇಕೆ, ಒಂದಿಷ್ಟು ರಾಗಿ ಹೊಲ, ಮತ್ತೆ ಈ ಹಣ್ಣು. ಮಾತು ಚಾಟಿ ಏಟು. ಮೊದಲ ದಿನವೇ ನನ್ನ ಶೂ ನೋಡಿ, "ಏನವ್ವ, ಪೊಲೀಸ್ನೋರ ಮನೆ ಹುಡ್ಗೀನಾ?" ಎಂದು ಎಲ್ಲರೆದುರು ನಗೆಯಾಡಿದಳು. ಕಣ್ಣು ಬಿಟ್ಟ ಕಾಯಿ ಯಾವುದು, ಕಿತ್ತರೆ ಕಲ್ಲಾಗಿ ಉಳಿಯುವ ಕಾಯಿ ಯಾವುದು ಎಂದು ಕಲಿಸಿದಳು. ನಾನು ಕೈ ತುಂಬ ಮುಳ್ಳು ಚುಚ್ಚಿಸಿಕೊಂಡು ಅವಳ ಅರ್ಧದಷ್ಟು ಕೀಳುತ್ತಿದ್ದೆ.

ಒಂದು ವಿಷಯ ನನಗೆ ಬೇಗ ಕಾಣಿಸಿತು. ಬುಡದಿಂದ ಹತ್ತಿ ಒಂದು ಉದ್ದನೆಯ ಹಾಸುಬಂಡೆಯವರೆಗೆ ಮಾತ್ರ ಅವರು ಕೀಳುತ್ತಿದ್ದರು. ಅದರಾಚೆ ಹಣ್ಣು ಕಳಿತು ಉದುರುತ್ತಿದ್ದರೂ ಒಬ್ಬರೂ ಕೈ ಹಾಕುತ್ತಿರಲಿಲ್ಲ. ನಾನು ಆಚೆ ಕಾಲಿಟ್ಟಾಗ ರಂಗಮ್ಮ ನನ್ನ ಜಡೆ ಹಿಡಿದು ಎಳೆದಳು.

"ಬಾ ಈ ಕಡಿಕೆ. ಅದು ನಮ್ ಪಾಲಲ್ಲ."

"ಮತ್ಯಾರ ಪಾಲು?"

ಅವಳು ಮಂಕರಿ ಎತ್ತಿಕೊಂಡು ಇಳಿದಳು. ಮತ್ತೆ ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಬೆಳಕು ಹರಿಯುವ ಮುಂಚೆಯೇ ಬಾ ಎಂದಳು. ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲೇ ಮಲಗಿದ್ದೆ. ಹಾಸುಬಂಡೆಯ ಈಚೆ ಪೊದೆಯ ಮರೆಯಲ್ಲಿ ಕೂರಿಸಿ ಬೆರಳಿನಿಂದ ತೋರಿಸಿದಳು. ನಲವತ್ತು ಮಾರು ದೂರದಲ್ಲಿ, ಸೀತಾಫಲದ ಗಿಡವನ್ನು ಎರಡೂ ಕೈಯಿಂದ ಬಗ್ಗಿಸಿ ಕರಡಿ ಹಣ್ಣು ತಿನ್ನುತ್ತಿತ್ತು. ಬೆನ್ನ ಮೇಲೆ ಮರಿ, ಅಮ್ಮನ ಕೂದಲು ಕಚ್ಚಿ ಹಿಡಿದು ಕೂತಿತ್ತು. ಹಣ್ಣಿನ ರಸ ತಾಯಿಯ ಎದೆಯ ಬಿಳಿ ಪಟ್ಟೆಯ ಮೇಲೆ ಸುರಿಯುತ್ತಿತ್ತು. ಮರಿ ಬೆನ್ನಿನಿಂದ ಜಾರಿ ಬಂದು ಅದನ್ನು ನೆಕ್ಕಿತು. ನನಗೆ ಅಳು ಬಂದುಬಿಟ್ಟಿತು, ಯಾಕೆಂದು ಈಗಲೂ ಹೇಳಲಾರೆ. ಪ್ರೀತಿ ಎಂಬುದು ಬಂದದ್ದು ಆವತ್ತು.

ಇಳಿಯುವಾಗ ಕೇಳಿದೆ. "ಮತ್ತೆ ಯಾಕೆ ಎಲ್ರೂ ಇಲ್ಲ ಅಂದ್ರಿ?"

"ನಿಮಗೆ ಐತೆ ಅಂದ್ರೆ ನೀವೇನ್ ಸುಮ್ಕಿರ್ತೀರಾ? ಆ ಕಡೆ ಗುಡ್ಡದಾಗೆ ಚಿರತೆ ಐತೆ ಅಂದ್ರು. ಮಾರನೇ ವರ್ಸಕ್ಕೆ ಸುತ್ತ ಗುಂಡಿ ತೋಡಿ, ಮೇಕೆ ಬಿಡಂಗಿಲ್ಲ, ಸೌದೆ ತರಂಗಿಲ್ಲ ಅಂತ ಬೋರ್ಡ್ ಹಾಕುದ್ರು. ಅದಕ್ಕೇ ಸರ್ಕಾರದೋರು ಏನ್ ಕೇಳುದ್ರೂ ನಮ್ದು ಒಂದೇ ಮಾತು."

ಅವಳ ಮಾತಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನಾನೇ ಪಟ್ಟು ಬಿಡಲಿಲ್ಲ. ಬಂಡೆಗಳ ಮೇಲಿನ ಕೆಂಪು ಗುರುತು ತೋರಿಸಿದೆ. ಇಲ್ಲ ಎಂದರೆ ಕ್ವಾರಿ ಬರುತ್ತದೆ, ಸೀತಾಫಲವೂ ಇಲ್ಲ, ಮೇಕೆಗೆ ಮೇವೂ ಇಲ್ಲ, ಬರೀ ದೂಳು ಕುಡಿಯಬೇಕು ಎಂದೆ. ಇದೆ ಎಂದು ಬರೆದುಕೊಟ್ಟರೆ ಗುಡ್ಡ ಉಳಿಯುತ್ತದೆ ಎಂದೆ. ದಿನಾ ಹೇಳಿದೆ. ದೇವಸ್ಥಾನದ ಜಗಲಿಯ ಮೇಲೆ ಊರೆಲ್ಲ ಕೂತು ಎರಡು ಸಲ ಮಾತಾಡಿತು. ಗಂಡಸರು, "ಸುಮ್ಕಿರ್ರಲಾ, ಈ ಹುಡ್ಗಿ ನಾಳಿಕ್ಕೆ ಹೋಯ್ತಾಳೆ," ಎಂದರು. ಆಗ ನಾನು ಎದ್ದು ನಿಂತು ಹೇಳಿದ ಮಾತು ನೆನೆದರೆ ಈಗಲೂ ನಾಲಿಗೆ ಕಿತ್ತುಕೊಳ್ಳಬೇಕು ಎನಿಸುತ್ತದೆ.

"ನಾನಿದೀನಲ್ಲ. ನಿಮ್ಮ ಗುಡ್ಡಕ್ಕೂ ಅದಕ್ಕೂ ಏನೂ ಆಗದ ಹಾಗೆ ನಾನು ನೋಡ್ಕೋತೀನಿ."

ರಂಗಮ್ಮ ನನ್ನ ಕಡೆ ತಿರುಗಿದಳು. "ನೀನೇನೋ ಇರ್ತೀಯ ಕಣವ್ವ. ನಿಮ್ ಆಪೀಸು?" ಎಂದಳು. ಆದರೂ ಮೊದಲ ಹೆಬ್ಬೆಟ್ಟು ಅವಳದ್ದೇ. ಅವಳ ಹಿಂದೆ ಉಳಿದವರು. ಕಾಗದ ಬರೆದವಳು ನಾನು, ಶಾಲೆಯಲ್ಲಿ ಬಹುಮಾನ ಬಂದ ನನ್ನ ದುಂಡು ಅಕ್ಷರದಲ್ಲಿ. ನಮ್ಮ ಗುಡ್ಡದಲ್ಲಿ ಹೆಣ್ಣು ಕರಡಿಯೂ ಅದರ ಮರಿಯೂ ವಾಸವಾಗಿವೆ, ಅವುಗಳಿಂದ ನಮಗೆ ಯಾವ ತೊಂದರೆಯೂ ಇಲ್ಲ, ಗುಡ್ಡವನ್ನು ಈಗಿರುವ ಹಾಗೆಯೇ ಬಿಡಬೇಕು. ಇಷ್ಟೇ. ಇದರಲ್ಲಿ ತಿಳಿಯದೆ ಇರುವಂಥದ್ದು ಏನಿದೆ, ನೀವೇ ಹೇಳಿ.

ಶನಿವಾರ ಮಧ್ಯಾಹ್ನ ಕಾಗದ ಹಿಡಿದು ಕಚೇರಿಗೆ ಓಡಿದೆ. ಸೋಮವಾರ ನಮೂನೆಗಳನ್ನು ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಸಾಹೇಬರು ಇರಲಿಲ್ಲ, ಯಾರೋ ಅತಿಥಿಗಳ ಜೊತೆ ಬೇಲೂರಿಗೆ ಹೋಗಿದ್ದರು. ಇದ್ದವರು ಟಪಾಲು ನೋಡುವ ರಾಜಣ್ಣ, ಕೊಡೆ ಕೈಯಲ್ಲಿ ಹಿಡಿದು ಮನೆಗೆ ಹೊರಟವರು. ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಯಾವ ಫೈಲಿಗೆ ಹಾಕ್ಲಮ್ಮ?"

"ಯಾಕೆ ರಾಜಣ್ಣ?"

"ಆನೆ ಹಾವಳಿ ಫೈಲಿದೆ, ಚಿರತೆ ಹಾವಳಿ ಫೈಲಿದೆ, ಕರಡಿ ಹಾವಳಿ ಅಂತಲೂ ಒಂದು ತೆಗೆದಿದ್ದೀವಿ. ಕರಡಿ ಇದೆ, ಚೆನ್ನಾಗಿದೆ, ಇರಲಿ ಬಿಡಿ ಅನ್ನೋದಕ್ಕೆ ಫೈಲಿಲ್ಲ. ಹಳ್ಳಿಯವರು ಹಂಗೆ ಯಾವತ್ತೂ ಬರೆದಿಲ್ಲ. ಸಾಹೇಬ್ರು ಬರಲಿ, ಹೊಸಾ ಫೈಲು ತೆಗೆಸ್ತೀನಿ. ಬುಧವಾರ ಬಾ."

ಬುಧವಾರಕ್ಕೆ ನಮೂನೆ ಹೋಗಿಬಿಟ್ಟಿರುತ್ತದೆ. ನಾನು ಗೋಗರೆದೆ. ಆವತ್ತಿನ ತಾರೀಖಿನಲ್ಲಿ ರಿಜಿಸ್ಟರಿನಲ್ಲಿ ಒಂದು ನಂಬರು ಬಿದ್ದರೆ ಸಾಕಿತ್ತು.

"ಯಾವುದಕ್ಕಾದ್ರೂ ಹಾಕಿ ರಾಜಣ್ಣ. ಆ ಹಾವಳಿ ಫೈಲಿಗೇ ಹಾಕಿ. ಒಳಗೆ ಏನು ಬರೆದಿದೆ ಅಂತ ಓದ್ತಾರಲ್ಲ."

ರಾಜಣ್ಣ ಮನಸ್ಸಿಲ್ಲದ ಮನಸ್ಸಿನಿಂದ ಕೂತರು. 'ವಿಷಯ: ಕೆಂಚನ ಗುಡ್ಡದಲ್ಲಿ ಕರಡಿ ಹಾವಳಿ, ಗ್ರಾಮಸ್ಥರ ಮನವಿ' ಎಂದು ರಿಜಿಸ್ಟರಿನಲ್ಲೂ ಕಾಗದದ ನೆತ್ತಿಯಲ್ಲೂ ಬರೆದು ಸೀಲು ಒತ್ತಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ನಗು ಕೂಡ ಬಂತು. ಸೋಮವಾರ ನಾನೇ ಪಟ್ಟು ಹಿಡಿದು ಸಾಹೇಬರ ಕೈಯಲ್ಲಿ 'ಇದೆ' ಎಂದು ಟಿಕ್ ಹಾಕಿಸಿದೆ. ಆ ಸಂಜೆ ಸ್ಟೇಷನ್ನಿನ ಹತ್ತಿರ ರಾಜಣ್ಣನಿಗೆ ಮಸಾಲೆದೋಸೆ ಕೊಡಿಸಿದೆ, ಗೆದ್ದೆ ಎಂದು.

ಒಳಗಿರುವುದನ್ನು ಓದುತ್ತಾರಂತೆ! ಯಾರು ಸ್ವಾಮಿ ಓದುತ್ತಾರೆ? ಮೂರು ಕಚೇರಿ ದಾಟಿತು ಆ ಕಾಗದ. ಮೂರು ಜನ ಓದುಬರಹ ಬಲ್ಲ, ದೊಡ್ಡದೊಡ್ಡ ಪರೀಕ್ಷೆ ಪಾಸು ಮಾಡಿದ ಅಧಿಕಾರಿಗಳ ಮೇಜಿನ ಮೇಲೆ ಕೂತು ಎದ್ದಿತು. ಒಬ್ಬರೂ ನೆತ್ತಿಯ ಸಾಲಿನಿಂದ ಕೆಳಗೆ ಕಣ್ಣು ಇಳಿಸಲಿಲ್ಲ. ನಲವತ್ತು ಮನೆಯ ಜನ ಹೆದರಿಕೆ ನುಂಗಿಕೊಂಡು ಜೀವಮಾನದಲ್ಲಿ ಮೊದಲ ಸಲ ಸರ್ಕಾರಕ್ಕೆ ನಿಜ ಬರೆದಿದ್ದರು. ಆ ನಿಜಕ್ಕೆ ನಾಲ್ಕು ಸಾಲು ಓದುವಷ್ಟೂ ಮರ್ಯಾದೆ ಸಿಗಲಿಲ್ಲ. ದೀಪಾವಳಿಗೆ ಹತ್ತು ದಿನ ಇರುವಾಗ ಮೇಲಿನಿಂದ ಆ ಕಾಗದದ ಜೊತೆಗೇ ಆದೇಶ ಬಂತು. ಗ್ರಾಮಸ್ಥರ ಮನವಿಯ ಮೇರೆಗೆ ಕೆಂಚನ ಗುಡ್ಡದ ಕರಡಿಯನ್ನು ಹಿಡಿದು ದೂರದ ಕಾಡಿಗೆ ಬಿಡತಕ್ಕದ್ದು.

ನಾನು ಸಾಹೇಬರ ಕೋಣೆಗೆ ನುಗ್ಗಿದೆ. ಅವರು ಖುಷಿಯಲ್ಲಿದ್ದರು, ಅವರ ಕಚೇರಿಗೆ ಬಂದ ಮೊದಲ ದೊಡ್ಡ ಕೆಲಸ.

"ಸರ್, ಕಾಗದ ಓದಿ ಸರ್. ತೊಂದರೆ ಇಲ್ಲ ಅಂತ ಬರೆದಿದ್ದಾರೆ. ಬಿಡಿ ಅಂತ ಬರೆದಿದ್ದಾರೆ."

ಅವರು ಓದಿದರು. ನಿಜವಾಗಿಯೂ ಪೂರ್ತಿ ಓದಿದರು. ಕಾಗದ ಮಡಿಸಿ ಕೆಳಗಿಟ್ಟರು.

"ಓದಿದೆನಮ್ಮ. ಆದರೆ ಹಾವಳಿ ಅಂತ ನಾವೇ ನಂಬರು ಕೊಟ್ಟು ಕಳಿಸಿದ್ದೀವಿ. ಈಗ ಹಾವಳಿ ಅಲ್ಲ ಅಂದ್ರೆ, ಸುಳ್ಳು ವಿಷಯ ಹಾಕಿದೋರು ಯಾರು ಅಂತ ಕೇಳ್ತಾರೆ. ರಾಜಣ್ಣನ ಕೆಲಸ ಹೋಗುತ್ತೆ. ನಿನ್ನ ಸರ್ಟಿಫಿಕೇಟೂ ಹೋಗುತ್ತೆ. ಯೋಚನೆ ಮಾಡು."

ನಾನು ಕಾಗದದ ನೆತ್ತಿಯ ಸೀಲನ್ನು ನೋಡಿದೆ.

"ಒಳ್ಳೆ ಕಾಡಿಗೇ ಬಿಡ್ತೀವಲ್ಲ, ಅದಕ್ಕೇನು ಕಷ್ಟ? ನೀನು ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಓದ್ಬೇಕು ಅಂತೀಯ. ಇದೇ ಕಣಮ್ಮ ಮ್ಯಾನೇಜ್‌ಮೆಂಟು," ಎಂದು ಕಾಫಿ ತರಿಸಿದರು. ನಾನು ಆ ಕಾಫಿ ಕುಡಿದೆ.

ಬೋನು ಲಾರಿಯಲ್ಲಿ ಬಂತು. ಹಾಸುಬಂಡೆಯಾಚೆ, ಯಾವ ಹೆಂಗಸೂ ಕಾಲಿಡದ ಜಾಗದಲ್ಲಿ ಅದನ್ನು ಇಳಿಸಿ ಬಾಳೆಹಣ್ಣು, ಬೆಲ್ಲ, ಜೇನುಹುಟ್ಟು ಇಟ್ಟರು. ಜಾಗ ತೋರಿಸಿದವಳು ನಾನು. ಎಲ್ಲಿ ಓಡಾಡುತ್ತದೆ ಎಂದು ನಮ್ಮ ಕಚೇರಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ ತಾನೆ. ಎರಡು ದಿನ ಅದು ಹತ್ತಿರ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ತಾಯಿ. ಸರಳಿಗೆ ಬಾಯಿ ಹಾಕಿ ಹಾಕಿ ಹಲ್ಲೊಂದು ಮುರಿದು ಮೂತಿಯೆಲ್ಲ ರಕ್ತವಾಗಿತ್ತು. ಮರಿ ಹೊರಗೆ, ಮೇಲಿನ ಬಂಡೆಯ ತುದಿಯಲ್ಲಿ. ನಾವು ಹತ್ತಿರ ಹೋದರೆ ಸಂದಿಗೆ ಸೇರುತ್ತಿತ್ತು, ಹಿಂದೆ ಸರಿದರೆ ಮತ್ತೆ ಬಂಡೆಯ ತುದಿಗೆ ಬಂದು ಕೂಗುತ್ತಿತ್ತು. ತಾಯಿ ಒಳಗಿನಿಂದ ಉತ್ತರ ಕೊಡುತ್ತಿತ್ತು. ಆ ಕೂಗು ಹೇಗಿತ್ತೆಂದು ನಾನು ಬರೆಯುವುದಿಲ್ಲ.

"ಸರ್, ಮರಿ ಸಿಗೋವರೆಗೆ ಬೋನು ಎತ್ಬೇಡಿ. ಒಂದು ದಿನ. ತಾಯಿ ಇಲ್ಲೇ ಇದ್ರೆ ಮರಿ ತಾನಾಗೇ ಇಳಿದು ಬರುತ್ತೆ."

"ಲಾರಿ ಸಂಜೆಯೊಳಗೆ ವಾಪಸು ಸೇರ್ಬೇಕಮ್ಮ. ಆದೇಶದಲ್ಲಿ ಒಂದು ಕರಡಿ ಅಂತ ಇದೆ. ಒಂದು ಸಿಕ್ಕಿದೆ."

ಹನ್ನೊಂದು ಗಂಟೆಗೆಲ್ಲ ನಮ್ಮನ್ನೂ ಹತ್ತಿಸಿಕೊಂಡು ಲಾರಿ ಹೊರಟಿತು. ಊರಿನ ಜನ ದಾರಿಯ ಎರಡೂ ಬದಿ ನಿಂತಿದ್ದರು. ಯಾರೂ ಕಲ್ಲೆಸೆಯಲಿಲ್ಲ, ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಂಗಮ್ಮ ಮಂಕರಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ನಾನು ಲಾರಿಯಿಂದ ಇಳಿದು ಅವಳ ಹತ್ತಿರ ಹೋದೆ.

"ರಂಗಮ್ಮ, ನಾನು..."

"ಐತೆ ಅಂತ ಹೇಳ್ದೋರು ನಾವು," ಎಂದಳು. "ಹಿಡ್ಕೊಂಡೋಗಿ ಅಂದೋರು ಯಾರವ್ವ?"

ನಾನು ಫೈಲಿನ ವಿಷಯ ಹೇಳಲು ಹೋದೆ. ಆನೆಗೊಂದು, ಚಿರತೆಗೊಂದು, ಕರಡಿಗೊಂದು, ರಾಜಣ್ಣ, ಶನಿವಾರ, ನಂಬರು. ಅವಳು ಮಧ್ಯದಲ್ಲೇ ತಿರುಗಿ ನಡೆದುಬಿಟ್ಟಳು. ಆಮೇಲೆ ಎರಡು ಸಲ ಹೋದೆ, ಬಾಗಿಲು ತೆರೆಯಲಿಲ್ಲ. ಮರಿ ನಾಲ್ಕು ದಿನ ಕೂಗಿತಂತೆ. ಹೆಂಗಸರು ಬಂಡೆಯ ಬುಡದಲ್ಲಿ ಹಣ್ಣು ಸುರಿದು ಬಂದರಂತೆ. ಐದನೆಯ ದಿನದಿಂದ ಕೂಗು ಕೇಳಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ತಾಯಿಯನ್ನು ಬಿಟ್ಟ ಕಾಡಿನವರು ಅದು ಏನಾಯಿತೆಂದು ಯಾವತ್ತೂ ತಿಳಿಸಲಿಲ್ಲ, ಇವರೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊಸ ನಮೂನೆ ಬಂತು. ಕರಡಿಯ ಎದುರು 'ಇಲ್ಲ' ಎಂದು ಟಿಕ್ ಬಿತ್ತು. ಈ ಸಲ ಯಾರ ಹೆಬ್ಬೆಟ್ಟೂ ಬೇಕಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಕೆಂಚನ ಗುಡ್ಡದಲ್ಲಿ ಸಿಡಿಮದ್ದಿನ ಸದ್ದು ಶುರುವಾಯಿತು. ಈಗ ಆ ದಾರಿಯಲ್ಲಿ ಹೋದರೆ ಗುಡ್ಡದ ಒಂದು ಮಗ್ಗುಲು ಮಾತ್ರ ನಿಂತಿರುವುದು ಕಾಣುತ್ತದೆ, ಇನ್ನೊಂದು ಮಗ್ಗುಲಲ್ಲಿ ಹಸಿರು ನೀರು ನಿಂತ ಗುಂಡಿ. ಯಾರನ್ನು ಬೈಯಲಿ? ಗುತ್ತಿಗೆದಾರ ಒಂದು ಸುಳ್ಳೂ ಹೇಳಲಿಲ್ಲ, ಯಾರಿಗೂ ಲಂಚ ಕೊಡಲಿಲ್ಲ. ಅವನಿಗೆ ಬೇಕಾದದ್ದನ್ನೆಲ್ಲ ನಾವೇ ಪುಕ್ಕಟೆ ಮಾಡಿಕೊಟ್ಟೆವು.

ಸಾಹೇಬರು ಸರ್ಟಿಫಿಕೇಟನ್ನು ಚೆನ್ನಾಗಿ ಬರೆದುಕೊಟ್ಟರು. ಗ್ರಾಮಸ್ಥರ ವಿಶ್ವಾಸ ಗಳಿಸಿ, ಒಂಟಿ ಹೆಣ್ಣು ಕರಡಿಯೊಂದನ್ನು ಹಿಡಿದು ಸ್ಥಳಾಂತರಿಸಿದ ಯಶಸ್ವಿ ಕಾರ್ಯಾಚರಣೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದಾರೆ ಎಂದು ಅದರಲ್ಲಿತ್ತು. ಹರಿದು ಮುಖಕ್ಕೆ ಎಸೆಯಬೇಕೆಂದುಕೊಂಡೆ. ಎಸೆಯಲಿಲ್ಲ. ಅಪ್ಪ ಆಗಲೇ ತಿಪಟೂರಿನ ಒಂದು ಗಂಡಿನ ಜಾತಕ ತರಿಸಿದ್ದರು. ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಕವರು ಹಾಕಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಲ್ಲಿ ಕೂತಿರುವವರು ಈ ವಿದ್ಯೆಯನ್ನು ಅರೆದು ಕುಡಿದವರು, ಅವರಿಗೆ ನಡೆದದ್ದನ್ನೆಲ್ಲ ಹೇಳುತ್ತೇನೆ, ಈ ಫೈಲುಗಳನ್ನು ಬೀದಿಗೆ ತರುತ್ತೇನೆ, ಸೀಟು ಸಿಕ್ಕರೆ ಸಿಗಲಿ ಹೋದರೆ ಹೋಗಲಿ.

ಇಂಟರ್‌ವ್ಯೂನಲ್ಲಿ ಮೂವರಿದ್ದರು. ಇಬ್ಬರು ಸರ್ಟಿಫಿಕೇಟು ನೋಡಿ ಮೆಚ್ಚಿಕೊಂಡು, ಬೋನು ಎಷ್ಟುದ್ದ, ಏನು ಆಹಾರ ಇಟ್ಟಿರಿ ಎಂದೆಲ್ಲ ಕೇಳಿದರು. ನಾನು ಪಟಪಟ ಉತ್ತರ ಕೊಟ್ಟೆ. ಮೂರನೆಯವರು ವಯಸ್ಸಾದವರು, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಇಡೀ ವರ್ಷದಲ್ಲಿ ಒಂದು ಕಾಗದವನ್ನು ಕೊನೆಯವರೆಗೆ ಓದಿ, ಓದಿದ್ದನ್ನು ಪ್ರಶ್ನೆ ಮಾಡಿದ ಮೊದಲ ಮನುಷ್ಯ ಅವರು.

"ಒಂಟಿ ಹೆಣ್ಣು ಅಂತಿದೆ. ಆ ತಿಂಗಳಲ್ಲಿ ಹೆಣ್ಣು ಕರಡಿಯ ಜೊತೆ ಮರಿ ಇರುವ ಸಂಭವ ಜಾಸ್ತಿ. ನೀವು ಸ್ಥಳದಲ್ಲಿದ್ದಿರಿ. ಮರಿ ಇರಲಿಲ್ಲವೆ?"

ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾದರು, ಆತುರ ಮಾಡಲಿಲ್ಲ. ನಿಜ ಹೇಳಲು ಬೇಕಾದಷ್ಟು ಸಮಯ ಕೊಟ್ಟರು.

"ಇರಲಿಲ್ಲ ಸರ್," ಎಂದೆ.

ಅವರು ತಲೆಯಾಡಿಸಿ, ತಮ್ಮ ಹಾಳೆಯಲ್ಲಿ ನನಗೆ ಅಂಕ ಬರೆದರು.